ತೆಂಗಿನೆಣ್ಣೆ ಕುಡಿದ ಕೋವಿ

ಠಾಣೆಯ ಮರದ ಬೆಂಚಿನ ಮೇಲೆ ನಾವು ಮೂವರು ಕುಳಿತಿದ್ದೆವು. ಬಾಗಿಲಿಗೆ ಮುಖ ಮಾಡಿ ನಮ್ಮ ಬಿಲ್ಡಿಂಗಿನ ಹಿರಿಯರೊಬ್ಬರು, ನಡುವೆ ಮೊಬೈಲಿನಿಂದ ಕಣ್ಣೆತ್ತದ ಅವರ ಮಗಳು, ಈ ತುದಿಯಲ್ಲಿ ನಾನು. ಮೂವರ ತೊಡೆಗಳ ಮೇಲೂ ಅಡ್ಡವಾಗಿ, ಹೂವಿನ ಚಿತ್ತಾರದ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಬೇಟೆಯ ರೈಫಲ್ಲೊಂದು ಮಲಗಿತ್ತು. ಚುನಾವಣೆ ಘೋಷಣೆಯಾಗಿತ್ತು. ಚುನಾವಣೆ ಬಂತೆಂದರೆ ಲೈಸೆನ್ಸ್ ಇರುವವರು ತಮ್ಮ ಕೋವಿಯನ್ನು ಠಾಣೆಗೆ ತಂದು ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಹೋಗಬೇಕು. ಲೋಕಸಭೆ, ವಿಧಾನಸಭೆ, ಮಹಾನಗರಪಾಲಿಕೆ ಅಂತ ನಮ್ಮ ಮುಂಬಯಿಯಲ್ಲಿ ಚುನಾವಣೆಗಳಿಗೇನೂ ಕಡಿಮೆಯಿಲ್ಲ.

ಹವಾಲ್ದಾರ ಬೆಡ್‌ಶೀಟು ಬಿಚ್ಚಿದ. ಗುಂಡು ತುಂಬುವುದಕ್ಕೆ ಹಿಂದಕ್ಕೆಳೆಯುವ ಬೋಲ್ಟನ್ನು ಹಿಡಿದು ಜಗ್ಗಿದ. ಅದು ಅಲುಗಲಿಲ್ಲ. ಇನ್ನೊಮ್ಮೆ ಜಗ್ಗಿ, ಬೆರಳನ್ನು ಮೂಸಿ ನೋಡಿಕೊಂಡ.

"ಕಾಕಾ, ಹೀ ಚಾಲ್ತೆ ಕಾ?" ನಡೆಯುತ್ತದೋ ಇಲ್ಲವೋ ಎಂದು ಅವನ ಪ್ರಶ್ನೆ.

"ನಹೀ ಚಲ್ತಾ," ಎಂದರು ಇವರು, ತಮ್ಮ ಹೋಟೆಲ್ ಹಿಂದಿಯಲ್ಲಿ.

"ಮಗ ಘರೀ ಕಶಾಲಾ ಠೇವಲೀ?" ನಡೆಯದಿದ್ದರೆ ಮನೆಯಲ್ಲಿ ಇಟ್ಟುಕೊಂಡದ್ದಾದರೂ ಯಾತಕ್ಕೆ?

ಅವರು ನನ್ನ ಕಡೆ ತಿರುಗಿದರು. "ನೀವು ಹೇಳಿ ಟೀಚರ್, ಮರಾಠಿಯಲ್ಲಿ. ಅವನಿಗೆ ಸರಿಯಾಗಿ ತಿಳಿಯುವ ಹಾಗೆ ಹೇಳಿ."

ನಾನೇನು ಹೇಳಲಿ? ಆ ಪ್ರಶ್ನೆಯನ್ನು ನಾನೇ ಅವರಿಗೆ ವರ್ಷಗಟ್ಟಲೆ ಕೇಳುತ್ತ ಬಂದಿದ್ದೆ.

ಅವರು ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ ಮೂರನೆಯ ಮಹಡಿಯವರು. ಉಡುಪಿ ಕಡೆಯವರು. ಬಾಂದ್ರಾ ಸ್ಟೇಷನ್ನಿನ ಹತ್ತಿರ ಬಹಳ ವರ್ಷ ಹೋಟೆಲು ನಡೆಸಿ, ಜಾಗದ ಕರಾರು ಮುಗಿದ ಮೇಲೆ ಮನೆಯಲ್ಲಿ ಕುಳಿತವರು. ಹೆಂಡತಿ ಮೊದಲೇ ತೀರಿಕೊಂಡಿದ್ದರು. ನಾನು ಎರಡನೆಯ ಮಹಡಿಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವವಳು. ನಮ್ಮದು ವಿಜಾಪುರ ಕಡೆ. ಆದರೆ ನಾನು ಹುಟ್ಟಿ ಬೆಳೆದದ್ದು ಕುರ್ಲಾದ ಚಾಳಿನಲ್ಲಿ, ಮರಾಠಿ ಕಲಿತದ್ದು ನಳದ ಸಾಲಿನಲ್ಲಿ, ಕನ್ನಡ ಕಲಿತದ್ದು ಅಜ್ಜಿ ಮತ್ತು ಅವಳ ಗೆಳತಿಯರ ಬಾಯಿಂದ. ಮರಾಠಿ ಚೆನ್ನಾಗಿ ಬರುತ್ತದೆ ಎಂಬ ಒಂದೇ ತಪ್ಪಿಗೆ ಆ ಕೋವಿಯ ಹಿಂದೆ ನಾನು ಓಡಾಡಬೇಕಾಯಿತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ.

ಹೋಟೆಲು ಹೋಗಿದ್ದರೂ ಹೋಟೆಲಿನ ನಡವಳಿಕೆ ಅವರ ಮೈಯಿಂದ ಹೋಗಿರಲಿಲ್ಲ. ಯಾರ ಮನೆಗೆ ಬಂದರೂ ಬಾಗಿಲು ಕಾಣುವ ಕುರ್ಚಿಯಲ್ಲೇ ಕೂರುತ್ತಿದ್ದರು, ಗಲ್ಲಾದ ಮೇಲೆ ಕುಳಿತ ಹಾಗೆ. ನಮ್ಮ ಮನೆಯಲ್ಲಿ ಸಾರು ಕುದಿಯುವ ವಾಸನೆ ಬಂದರೆ ನೆಟ್ಟಗೆ ಅಡುಗೆಮನೆಗೆ ಬಂದು, ಸೌಟಿನಿಂದ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿ, "ಉಪ್ಪು ಒಂದು ಚಿಟಿಕೆ ಹಿಂದೆ ಉಂಟು" ಎನ್ನುತ್ತಿದ್ದರು. ನಮ್ಮವ್ವ ಸುಮ್ಮನಿರುವವಳಲ್ಲ. "ಅಲ್ರೀ ಅಣ್ಣಾರ, ಸಾಂಬಾರಿಗೆ ಬೆಲ್ಲಾ ಹಾಕಿ ಮುಂಬೈ ಮಂದೀನ್ನ ಕೆಡಿಸಿದವ್ರು ನೀವು. ನಮಗ ಉಪ್ಪಿಂದು ಹೇಳಾಕ ಬರ್ತೀರಿ?" ಅವರು ನಕ್ಕು, ಒಂದು ಬಟ್ಟಲು ಸಾರು ಕುಡಿದೇ ಹೋಗುತ್ತಿದ್ದರು.

ತೀರ್ಮಾನ ಮಾಡುವುದರಲ್ಲಿ ಅವರಂಥ ಮನುಷ್ಯ ನಮ್ಮ ಸೊಸೈಟಿಯಲ್ಲಿ ಇನ್ನೊಬ್ಬರಿರಲಿಲ್ಲ. ಎರಡು ಮನೆಯವರ ನಡುವೆ ಬಚ್ಚಲ ಸೋರಿಕೆಯ ಜಗಳ ಬಹಳ ಕಾಲದಿಂದ ನಡೆದಿತ್ತು. ಮೇಲಿನವರು ನಮ್ಮ ನೀರಲ್ಲ ಎನ್ನುವುದು, ಕೆಳಗಿನವರು ಮತ್ತೆ ಯಾರ ನೀರು ಎನ್ನುವುದು. ಇವರು ಒಂದು ಭಾನುವಾರ ಮೇಲಿನ ಯಜಮಾನರನ್ನು ಕೆಳಗಿನವರ ಬಚ್ಚಲಲ್ಲಿ ನಿಲ್ಲಿಸಿ, ತಾವು ಮೇಲೆ ಹೋಗಿ ನಲ್ಲಿ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಮೇಲಿನ ಯಜಮಾನರ ಬೋಳುತಲೆಯ ಮೇಲೇ ಹನಿ ಬಿತ್ತು. ಇವರು ಇಳಿದು ಬಂದು ಗೋಡೆಗೆ ಉಂಗುರದ ಬೆರಳಿನಿಂದ ಎರಡು ಸಲ ತಟ್ಟಿ, "ಆಯ್ತಲ್ಲ, ಪಾರ್ಸೆಲ್ ಮಾಡಿ" ಎಂದರು. ಯಾವ ವಿಷಯವೇ ಇರಲಿ, ಮುಗಿಯಿತು ಎನ್ನುವುದಕ್ಕೆ ಅವರ ಮಾತು ಅದು. ಅರ್ಧ ಬೆಂದದ್ದನ್ನು ಅವರು ಗಿರಾಕಿಯ ಮುಂದೆ ಇಟ್ಟವರೇ ಅಲ್ಲ.

ಅಂಥವರು ಈ ಒಂದು ಕೋವಿಯ ವಿಷಯವನ್ನು ಬೇಯಿಸಲೂ ಇಲ್ಲ, ಒಲೆಯಿಂದ ಇಳಿಸಲೂ ಇಲ್ಲ.

ಕೋವಿ ಅವರಿಗೆ ಸೋದರಮಾವನಿಂದ ಬಂದದ್ದು. ಅವರ ಕಡೆ ಮನೆತನ ನಡೆಯುವುದು ಹೆಣ್ಣಿನ ಕಡೆಯಿಂದ. ಮಾವನ ಆಸ್ತಿ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ. ಮಾವ ಗದ್ದೆಗೆ ನುಗ್ಗುವ ಹಂದಿಗಳಿಗಾಗಿ ಅದನ್ನು ಇಟ್ಟುಕೊಂಡಿದ್ದರಂತೆ. ವರ್ಷಕ್ಕೊಮ್ಮೆ ಅದನ್ನು ಮನೆದೈವದ ಮುಂದಿಟ್ಟು ಪೂಜೆ ಮಾಡಿ ತೆಗೆದುಕೊಳ್ಳುವುದು ಪದ್ಧತಿ. ಮಾವ ಹೋದ ಮೇಲೆ ಇವರು ಲೈಸೆನ್ಸನ್ನು ತಮ್ಮ ಹೆಸರಿಗೆ ಮಾಡಿಸಿ ಕೋವಿಯನ್ನು ಮುಂಬಯಿಗೆ ತಂದರು. ಆಗ ಹೋಟೆಲಿನವರಿಗೆ ಹಣ ಕೇಳಿ ಬೆದರಿಕೆಯ ಫೋನು ಬರುತ್ತಿದ್ದ ಕಾಲ. ಒಂದು ಕೋವಿ ಇದೆ ಎಂಬ ಸುದ್ದಿ ಇದ್ದರೆ ಒಳ್ಳೆಯದು ಎಂದು ಲೆಕ್ಕ.

"ನೀವು ಹೊಡೆದದ್ದು ಉಂಟಾ ಕಾಕಾ ಅದರಲ್ಲಿ?" ಎಂದು ನಾನೊಮ್ಮೆ ಕೇಳಿದ್ದೆ.

"ಉಂಟು. ಹುಡುಗನಿದ್ದಾಗ ಮಾವ ಒಂದು ಸಲ ಕೊಟ್ಟಿದ್ದರು."

"ಹಂದಿಗೆ ತಾಗ್ತಾ?"

"ನೆರೆಮನೆಯವರ ಹಂಡೆಗೆ ತಾಗ್ತು. ಮತ್ತೆ ಕೊಡಲಿಲ್ಲ ಮಾರಾಯ್ರೆ."

ಮುಂಬಯಿಯಲ್ಲಿ ಕೋವಿಗಿದ್ದದ್ದು ವರ್ಷಕ್ಕೆ ಒಂದೇ ದಿನದ ಕೆಲಸ, ಆಯುಧಪೂಜೆ. ಆ ಸಂಜೆ ಹೋಟೆಲಿನಲ್ಲಿ ಗ್ರೈಂಡರು, ದೋಸೆಯ ಕಾವಲಿ, ತೆಂಗು ತುರಿಯುವ ಮಣೆ, ಗಲ್ಲಾದ ಡ್ರಾವರು ಎಲ್ಲವನ್ನೂ ತೊಳೆದು ಸಾಲಾಗಿಡುತ್ತಿದ್ದರು. ಸಾಲಿನ ಮೊದಲಿಗೆ ಕೋವಿ. ಇವರೇ ಸ್ವತಃ ಅಡುಗೆಮನೆಯ ಡಬ್ಬಿಯಿಂದ ತೆಂಗಿನೆಣ್ಣೆ ಸುರಿದುಕೊಂಡು ಅದನ್ನು ತಿಕ್ಕಿ ತಿಕ್ಕಿ ಮಿಂಚಿಸುತ್ತಿದ್ದರು. ಆಮೇಲೆ ಗಂಧ, ಅರಿಶಿನ, ಕುಂಕುಮ, ಅಕ್ಷತೆ, ಸೇವಂತಿಗೆ. ಭಟ್ಟರು ತೀರ್ಥ ಚಿಮುಕಿಸುವುದು. ಮರುದಿನ ಹೂವು ತೆಗೆದು ಬೆಡ್‌ಶೀಟಿನಲ್ಲಿ ಸುತ್ತಿದರೆ, ಮತ್ತೆ ಬಿಚ್ಚುವುದು ಮುಂದಿನ ನವರಾತ್ರಿಗೆ. ಹೋಟೆಲು ಹೋದ ಮೇಲೆ ಅದೇ ಪೂಜೆ ಮನೆಯಲ್ಲಿ, ಮಿಕ್ಸಿಯ ಪಕ್ಕದಲ್ಲಿ ನಡೆಯಿತು.

ಆ ಚುನಾವಣೆಯ ಹವಾಲ್ದಾರನ ಮಾತು ಅವರಿಗೆ ಚುಚ್ಚಿತ್ತೆಂದು ಕಾಣುತ್ತದೆ. ಕೋವಿ ವಾಪಸು ಬಂದ ವಾರವೇ, "ಟೀಚರ್, ಇದಕ್ಕೊಂದು ತೀರ್ಮಾನ ಆಗ್ಬೇಕು. ನಾನು ಇರುವಾಗಲೇ ಆಗ್ಬೇಕು. ನನ್ನ ನಂತರ ಮಗಳು ಠಾಣೆ ಅಲೆಯುವ ಹಾಗೆ ಆಗ್ಬಾರ್ದು" ಎಂದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅಂದೇ ಹೊರಡೋಣ ಎಂದೆ.

ಫೋರ್ಟ್ ಭಾಗದಲ್ಲಿ ಹಳೆಯ ಕೋವಿ ಅಂಗಡಿಯೊಂದಿದೆ. ಬೇಕಾದ ಅನುಮತಿಗಳನ್ನೆಲ್ಲ ಮಾಡಿಸಿಕೊಂಡು ಅಲ್ಲಿಗೆ ಹೋದೆವು. ಅಂಗಡಿಯವನು ಬೋಲ್ಟಿನ ಸಂದಿಗೆ ಏನೋ ಔಷಧ ಬಿಟ್ಟು, ಕಾದು, ಮರದ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಎಳೆದ. ಬೋಲ್ಟು ಹೊರಗೆ ಬಂತು. ಅದರ ಹಿಂದೆಯೇ ಕಪ್ಪು ಹಲ್ವದಂಥ ಮುದ್ದೆ. ಅವನು ತಂತಿ ಹಾಕಿ ಕೆರೆದ ಹಾಗೆಲ್ಲ ಕೆಂಪು, ಹಳದಿ, ಮತ್ತೆ ಕಪ್ಪು ಪದರಗಳು. ಅದರೊಳಗೆ ಅಕ್ಕಿಕಾಳು. ಒಣಗಿ ಚಕ್ಕೆಯಾದ ಹೂವಿನ ಎಸಳು. ಕಮಟು ತೆಂಗಿನೆಣ್ಣೆಯ ವಾಸನೆ ಅಂಗಡಿಯೆಲ್ಲ ಹರಡಿತು. ಕೋವಿ ಕೊಳ್ಳಲು ಬಂದಿದ್ದ ಒಬ್ಬ ದೊಡ್ಡ ಮೀಸೆಯವನು ಮೂಗಿಗೆ ಕರವಸ್ತ್ರ ಹಿಡಿದುಕೊಂಡ.

"ಸೇಟ್, ಯೇ ಬಂದೂಕ್ ಹೈ ಯಾ ಮಂದಿರ್?" ಎಂದ ಅಂಗಡಿಯವನು.

"ದೋನೋ," ಎರಡೂ ಎಂದರು ಇವರು, ಮುಖ ಸಣ್ಣದು ಮಾಡಿಕೊಂಡು.

ಅರಿಶಿನ, ಗಂಧ, ತೀರ್ಥದ ನೀರು ಒಳಗೆ ಸೇರಿ ನಳಿಗೆಯನ್ನು ತಿಂದುಹಾಕಿದ್ದವು. ಒಳಗೆಲ್ಲ ಗುಳಿ. ಹೊಡೆದರೆ ಹೊಡೆದವನ ಮುಖದಲ್ಲೇ ಸಿಡಿಯುತ್ತದೆ, ರಿಪೇರಿ ಆಗುವುದಿಲ್ಲ, ಇದಕ್ಕೆ ಹೊಂದುವ ಗುಂಡು ಕೂಡ ಈಗ ಸಿಗುವುದಿಲ್ಲ, ಮಾರಿದರೆ ತಾನಂತೂ ಕೊಳ್ಳುವುದಿಲ್ಲ ಎಂದ. ಬೇಕಿದ್ದರೆ ಅನುಮತಿ ತನ್ನಿ, ನಳಿಗೆಗೆ ತೂತು ಹೊಡೆದು ಬೆಸುಗೆ ಹಾಕಿ ಸತ್ತ ಕೋವಿ ಮಾಡಿಕೊಡುತ್ತೇನೆ, ಗೋಡೆಗೆ ತೂಗುಹಾಕಿಕೊಳ್ಳಿ. ಇಲ್ಲವೇ ಪೊಲೀಸರಿಗೆ ಕಾಯಂ ಒಪ್ಪಿಸಿಬಿಡಿ.

ಲೋಕಲ್ ಟ್ರೈನಿನಲ್ಲಿ ಆ ಉದ್ದನೆಯ ಗಂಟನ್ನು ಒಯ್ಯುವ ಧೈರ್ಯ ನಮಗಿರಲಿಲ್ಲ. ಟ್ಯಾಕ್ಸಿ ಹಿಡಿದೆವು. ದಾದರ್ ದಾಟಿದ ಮೇಲೆ ಅವರು, "ವರ್ಷವಿಡೀ ಮುಟ್ಟದೆ ಇದ್ದಿದ್ದರೆ ಸರಿ ಇರ್ತಿತ್ತು. ಪೂಜೆ ಮಾಡಿ ಮಾಡಿಯೇ ನಾನು ಅದನ್ನು ಕೊಂದದ್ದು" ಎಂದರು.

"ಹೋಗಲಿ ಬಿಡಿ ಕಾಕಾ. ತೂತು ಹೊಡೆಸಿ ಗೋಡೆಗೆ ಹಾಕೋಣ."

"ಮಾವನ ಕೋವಿಗೆ ತೂತು ಹೊಡೆಸುದಾ? ನೀವು ಎಂತ ಹೇಳ್ತೀರಿ ಮಾರಾಯ್ರೆ."

ಅಲ್ಲಿಗೆ ಒಂದು ದಾರಿ ಮುಚ್ಚಿತು. ಆ ವರ್ಷದ ನವರಾತ್ರಿಗೆ ನಾನು ಮೇಲೆ ಹೋದರೆ, ಕೋವಿಗೆ ಮತ್ತೆ ಗಂಧ, ಮತ್ತೆ ಅರಿಶಿನ. ನನಗೆ ಸಿಟ್ಟು ನೆತ್ತಿಗೇರಿತು. ಅಂಗಡಿಯವನು ಹೇಳಿದ್ದು ಮರೆತುಹೋಯಿತೇ ಎಂದು ಕೇಳಿದೆ.

"ಇಷ್ಟು ವರ್ಷ ಹಚ್ಚಿ ಈಗ ಒಮ್ಮೆಗೇ ನಿಲ್ಲಿಸಿದರೆ ಅದಕ್ಕೆ ಬೇಜಾರಾಗುದಿಲ್ವಾ?" ಎಂದರು.

ಮುಂದಿನ ದಾರಿ ಅಳಿಯ. ಪದ್ಧತಿಯ ಪ್ರಕಾರ ಕೋವಿ ಹೋಗಬೇಕಾದದ್ದು ಅವರ ತಂಗಿಯ ಮಗನಿಗೆ. ಆ ಹುಡುಗ ಪುಣೆಯಲ್ಲಿರುವವನು. ಇವರು ಫೋನನ್ನು ಸ್ಪೀಕರಿಗೆ ಹಾಕಿ, ನಾನು ಕೇಳುತ್ತಿರುವಂತೆಯೇ ವಿಷಯ ತೆಗೆದರು. "ಮಾವ, ನಾನು ಹಾಲನ್ನೂ ಬಿಟ್ಟಿದ್ದೇನೆ, ಪ್ರಾಣಿಗಳಿಗೆ ಹಿಂಸೆ ಅಂತ. ನನಗೆ ಹಂದಿ ಹೊಡೆಯುವ ಕೋವಿ ಕೊಡ್ತೀರಲ್ಲ" ಎಂದ ಅವನು.

"ಹೊಡೀಲಿಕ್ಕೆ ಬರುದಿಲ್ಲ ಮಗಾ ಅದು. ಹಾಳಾಗಿದೆ."

"ಹಾಳಾದದ್ದನ್ನು ನನಗೆ ಯಾಕೆ ಮಾವ?"

ಅವರು ಫೋನಿಟ್ಟು, "ಹಾಲು ಬಿಟ್ಟವನು ಕಾಫಿ ಹೇಗೆ ಕುಡೀತಾನೆ?" ಎಂದು ನನ್ನನ್ನು ಕೇಳಿದರು.

ಆಮೇಲೆ ದೈವ. ಊರಿನಲ್ಲಿ ನೇಮ, ಅಂದರೆ ಭೂತಕೋಲ, ನಡೆದಾಗ ಹೋಗಿ, ದೈವದ ಮುಂದೆ ನಿಂತು ಕೇಳಿಯೇ ಬಿಟ್ಟರು. ಕೋವಿಯನ್ನು ಗುಡಿಯಲ್ಲಿರುವ ನನ್ನ ಮಂಚದ ಬಳಿ ತಂದೊಪ್ಪಿಸು ಎಂದು ನುಡಿಯಾಯಿತು. ಅವರು ಕುಣಿಯುತ್ತ ಮುಂಬಯಿಗೆ ಬಂದರು. ಎಲ್ಲ ಮುಗಿಯಿತು, ಪಾರ್ಸೆಲ್ ಎಂದರು. ಎಲ್ಲಿಯ ಮುಗಿಯುವುದು? ಇಲ್ಲಿಯ ಕಚೇರಿಯವರು, ಬೇರೆ ರಾಜ್ಯಕ್ಕೆ ಒಯ್ಯಬೇಕಾದರೆ ಅಲ್ಲಿ ಅದನ್ನು ಇಟ್ಟುಕೊಳ್ಳುವವರ ಲೈಸೆನ್ಸ್ ತೋರಿಸಿ ಎಂದರು. ಅಲ್ಲಿಯ ಕಚೇರಿಯವರು, ಯಾರ ಹೆಸರಿಗೆ ಲೈಸೆನ್ಸ್ ಬೇಕು ಎಂದರು. ದೈವಸ್ಥಾನದ ಮೊಕ್ತೇಸರರು, ನಮ್ಮ ಹೆಸರು ಮಾತ್ರ ಬೇಡ ಎಂದು ಕೈಮುಗಿದರು.

"ದೈವದ ಹೆಸರಿಗೇ ಕೊಡಿ ಅಂತ ಕೇಳಿದೆ ಟೀಚರ್. ಫೋಟೋ ಮತ್ತು ಆಧಾರ್ ಕಾರ್ಡ್ ಬೇಕಂತೆ. ಎಲ್ಲಿಂದ ತರುದು?" ಅವರು ತಮಾಷೆ ಮಾಡುತ್ತಿರಲಿಲ್ಲ. ಕಣ್ಣಲ್ಲಿ ನೀರಿತ್ತು.

ನಮ್ಮವ್ವ ಕೇಳಿಸಿಕೊಂಡು ಒಳಗಿನಿಂದಲೇ, "ಗುಂಡು ಹಾರೂದಿಲ್ಲ ಅಂದಮ್ಯಾಲ ಅದು ಬಡಿಗಿ ಆತು ಬಿಡ್ರಿ ಅಣ್ಣಾರ. ಬಡಿಗಿಗೆ ಯಾಕ್ರೀ ಇಷ್ಟು ಉಪದ್ವ್ಯಾಪ? ನಾಯಿ ಓಡಸಾಕ ಇಟ್ಕೊಳ್ರಿ" ಎಂದಳು. ಆ ದಿನ ಅವರು ಸಾರು ಕುಡಿಯದೆ ಎದ್ದು ಹೋದರು.

ಇಷ್ಟರಲ್ಲಿ ಮಗಳ ತಾಳ್ಮೆ ಮುಗಿದಿತ್ತು. ಅವಳು ಬಾಂದ್ರಾದ ಆಫೀಸೊಂದರಲ್ಲಿ ಕೆಲಸ ಮಾಡುವವಳು. ಕನ್ನಡ ತಡವರಿಸುತ್ತಾಳೆ, ತುಳು ಅರ್ಥವಾಗುತ್ತದೆ, ಸಿಟ್ಟು ಬಂದರೆ ಹಿಂದಿ. ಒಂದು ಶನಿವಾರ ಮಧ್ಯಾಹ್ನ ನನ್ನನ್ನು ಮೇಲೆ ಕರೆಸಿದಳು, ಸಾಕ್ಷಿಗೆಂದು.

"ಪಪ್ಪಾ, ನಿಮ್ಮ ಬಾದ್, ನಿಮ್ಮ ನಂತರ ಇದು ಯಾರ ಮೇಲೆ ಬರ್ತದೆ? ಪೊಲೀಸ್ ಪುಣೆಗೆ ಫೋನ್ ಮಾಡಲ್ಲ. ನನಗೇ ಮಾಡ್ತಾರೆ."

"ನಿನಗೆ ಅದರಲ್ಲಿ ಹಕ್ಕು ಬರುದಿಲ್ಲ ಮಗಾ. ಅದು ನನ್ನ ಮಾವನ ಮನೆತನದ್ದು. ನೀನು ನಿನ್ನ ಅಮ್ಮನ ಮನೆತನಕ್ಕೆ ಸೇರಿದವಳು. ನಿನಗೆ ಹೇಗೆ ಕೊಡುದು?"

"ಕಾಲೇಜಿನಿಂದ ಪ್ರತಿ ಇಲೆಕ್ಷನ್‌ಗೆ ನಾನೇ ಹಿಡ್ಕೊಂಡು ಹೋಗಿದ್ದು. ಹಿಡ್ಕೊಳ್ಳಿಕ್ಕೆ ನಾನು, ಹಕ್ಕು ಅವನಿಗೆ?"

"ಪದ್ಧತಿ ಹಾಗೆ."

"ಹಕ್ ನಹೀ ದೇನಾ ತೋ ಟೆನ್ಷನ್ ಭೀ ಮತ್ ದೋ ಪಪ್ಪಾ." ಹಕ್ಕು ಕೊಡುವುದಿಲ್ಲವಾದರೆ ತಲೆನೋವನ್ನೂ ಕೊಡಬೇಡಿ ಎಂದು ಅವಳು ಬಾಗಿಲು ಹಾಕಿಕೊಂಡಳು.

ಅವರು ಮೇಜಿನ ಮೇಲೆ ಕೈಯಿಟ್ಟರು. ಉಂಗುರದ ಬೆರಳಿನಿಂದ ಎರಡು ಸಲ ತಟ್ಟಿದರು. "ಪೊಲೀಸರಿಗೆ ಕಾಯಂ ಕೊಟ್ಟುಬಿಡುವ. ಸೋಮವಾರ."

ಸೋಮವಾರ ಬೆಳಿಗ್ಗೆ ರಿಕ್ಷಾ ಹಿಡಿದೆವು. ಹೊಸ ಬೆಡ್‌ಶೀಟು ಸುತ್ತಿದ್ದರು, ಮೊದಲ ಬಾರಿಗೆ. ಸಿಗ್ನಲ್ಲಿನಲ್ಲಿ ನಿಂತಾಗ ಕೇಳಿದರು, "ಅವರು ಇದನ್ನು ಎಂತ ಮಾಡ್ತಾರೆ?"

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ತುಂಡು ಮಾಡಿ ಕರಗಿಸ್ತಾರಂತೆ ಕಾಕಾ."

ಹಸಿರು ದೀಪ ಬಂತು. ಅವರು ರಿಕ್ಷಾದ ಕಂಬಿಗೆ ತಟ್ಟಿ, "ಭೈಯಾ, ವಾಪಸ್ ಲೋ" ಎಂದರು.

ನಾನು ಅಲ್ಲಿಯೇ ಇಳಿದೆ. ಆ ಬಿಸಿಲಿನಲ್ಲಿ ನಡೆದುಕೊಂಡೇ ಮನೆಗೆ ಬಂದೆ. ಪಾಠದ ಮಕ್ಕಳಿಗೆ ರಜೆ ಹೇಳಿ ಅವರಿಗಾಗಿ ಓಡಾಡಿದ ಬೆಳಗುಗಳೆಲ್ಲ ನೆನಪಾಗಿ ಮೈ ಉರಿಯಿತು. ಊರಿನವರ ಸೋರಿಕೆಯನ್ನೆಲ್ಲ ನಿಲ್ಲಿಸಿದ ಮನುಷ್ಯನಿಗೆ ತನ್ನ ಮನೆಯ ಒಂದು ಕಬ್ಬಿಣದ ತುಂಡನ್ನು ಬಿಡಲು ಆಗುವುದಿಲ್ಲವೆಂದರೆ ಏನು ಹೇಳುವುದು? ಎರಡು ದಿನ ಬಿಟ್ಟು ವಾಚ್‌ಮನ್ ಕೈಯಲ್ಲಿ ಡಬ್ಬಿ ಕಳಿಸಿದರು. ನೀರುದೋಸೆ, ಕಾಯಿಚಟ್ನಿ. ಸಿಟ್ಟು ಇಳಿಯಲಿಲ್ಲ. ದೋಸೆ ತಿಂದೆ. ಡಬ್ಬಿಯನ್ನು ತೊಳೆದು, ಏನನ್ನೂ ತುಂಬದೆ ಹಾಗೇ ಹಿಂದೆ ಕಳಿಸಿದೆ. ನಮ್ಮ ಕಡೆ ಖಾಲಿ ಡಬ್ಬಿ ಕಳಿಸುವುದೆಂದರೆ ಜಗಳವೇ ಎಂದು ಅವರಿಗೆ ನಮ್ಮವ್ವನಿಂದ ಗೊತ್ತಿತ್ತು. ಮರುದಿನ ಮತ್ತೆ ದೋಸೆ ಬಂತು. ಆಗ ನಾನು ಡಬ್ಬಿಯಲ್ಲಿ ಶೇಂಗಾ ಚಟ್ನಿ ಹಾಕಿ ಕಳಿಸಿದೆ. ಕೋವಿಯ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ. ಅದು ಅವರ ಮಂಚದ ಕೆಳಗೇ ಇತ್ತು.

ಮಳೆಗಾಲದ ಒಂದು ಬೆಳಿಗ್ಗೆ ಅವರು ತೀರಿಕೊಂಡರು. ಕಾಫಿ ಕುಡಿದು, ಬಾಗಿಲಿಗೆ ಮುಖ ಮಾಡಿದ ತಮ್ಮ ಕುರ್ಚಿಯಲ್ಲೇ. ಅವರು ಯಾವುದು ಆಗಬಾರದೆಂದಿದ್ದರೋ ಅದೇ ಆಯಿತು. ಲೈಸೆನ್ಸಿನವರು ಹೋದ ಮೇಲೆ ಕೋವಿ ಮನೆಯಲ್ಲಿ ಇರುವಂತಿಲ್ಲ. ಕ್ರಿಯೆಗಳು ಮುಗಿಯುವ ಮೊದಲೇ ಮಗಳು ಅದನ್ನೆತ್ತಿಕೊಂಡು ಠಾಣೆಗೆ ಹೊರಟಳು. ನಾನು ಜೊತೆಗೆ ಹೋದೆ.

ಅದೇ ಹವಾಲ್ದಾರನಿದ್ದ. ನಮ್ಮ ಹಿಂದೆ ಬಾಗಿಲ ಕಡೆ ನೋಡಿ, "ಕಾಕಾ ನಾಹೀ ಆಲೇ?" ಬರಲಿಲ್ಲವೇ ಎಂದ.

"ಕಾಕಾ ಗೇಲೇ," ಹೋಗಿಬಿಟ್ಟರು ಎಂದಳು ಅವಳು.

ಅವನು ಎದ್ದುನಿಂತು ಕೋವಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬೋಲ್ಟು ಜಗ್ಗಿ ನೋಡಲಿಲ್ಲ. ಈಗ ಇಲ್ಲಿರಲಿ, ಏನು ಮಾಡುತ್ತೀರೆಂದು ತೀರ್ಮಾನಿಸಿಕೊಂಡು ಬನ್ನಿ ಎಂದ.

ತೀರ್ಮಾನಕ್ಕೆ ಅವಳು ಹೆಚ್ಚು ಸಮಯ ತೆಗೆದುಕೊಳ್ಳಲಿಲ್ಲ. ಪುಣೆಗೆ ಒಂದು ಫೋನು, ಊರಿಗೆ ಒಂದು ಫೋನು. ಯಾರಿಗೂ ಬೇಡ. ಕಾಯಂ ಒಪ್ಪಿಸುತ್ತೇನೆಂದು ಹವಾಲ್ದಾರನಿಗೆ ತಿಳಿಸಿದಳು. ಕಾಗದಗಳೆಲ್ಲ ಸಿದ್ಧವಾಗುವ ಹೊತ್ತಿಗೆ ನವರಾತ್ರಿ ಮುಗಿಯುತ್ತ ಬಂದಿತ್ತು. ದಸರೆಯ ದಿನ ತಾನು ಡ್ಯೂಟಿಯಲ್ಲಿರುತ್ತೇನೆ, ಬಂದು ಸಹಿ ಮಾಡಿ ಎಂದು ಅವನು ಫೋನ್ ಮಾಡಿದ.

ನಾವು ಹೋದಾಗ ಠಾಣೆಯಲ್ಲಿ ಶಸ್ತ್ರಪೂಜೆ ನಡೆದಿತ್ತು. ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಠಾಣೆಯ ಬಂದೂಕುಗಳನ್ನು ಸಾಲಾಗಿ ಇಟ್ಟಿದ್ದರು. ಚೆಂಡುಹೂವಿನ ಮಾಲೆ, ಊದುಬತ್ತಿ. ಸಾಲಿನ ಕೊನೆಯಲ್ಲಿ, ಚೀಟಿ ಕಟ್ಟಿದ ನಮ್ಮ ಕೋವಿಯೂ ಇತ್ತು. ಹೊರಗೆ ಹೋಗಲಿರುವುದಾದರೂ ಇವತ್ತು ಇಲ್ಲಿಯೇ ಇದೆಯಲ್ಲ, ಅದಕ್ಕೇ ಇಟ್ಟೆ ಎಂದ ಹವಾಲ್ದಾರ. ಅವನು ತಟ್ಟೆಯಲ್ಲಿ ಕಲಸಿದ ಅರಿಶಿನ ಹಿಡಿದು, ಒಂದೊಂದಕ್ಕೇ ಬೊಟ್ಟಿಡುತ್ತ ಬಂದ. ನಮ್ಮ ಕೋವಿಯ ಹತ್ತಿರ ಬಂದು ಬೋಲ್ಟಿನ ಕಡೆಗೆ ಬೆರಳು ಚಾಚಿದ.

ಅವಳು ಬೆಂಚಿನಿಂದ ಎದ್ದಳು.

"ಭಾವು, ತಿಥೆ ನಕೋ. ಗಂಜ್ ಚಢತೋ." ಅಲ್ಲಿ ಬೇಡ, ತುಕ್ಕು ಹಿಡಿಯುತ್ತದೆ.

ಹವಾಲ್ದಾರ ಕೈ ತಡೆದು, ಮರದ ಹಿಡಿಯ ಮೇಲೆ ಬೊಟ್ಟಿಟ್ಟ. ಅವಳು ದುಪಟ್ಟಾದ ತುದಿಯಿಂದ ಬೋಲ್ಟನ್ನು ಒಮ್ಮೆ ಒರೆಸಿದಳು. ಆಮೇಲೆ ಪೆನ್ನು ಕೇಳಿ ತೆಗೆದುಕೊಂಡು, ತೋರಿಸಿದಲ್ಲೆಲ್ಲ ಸಹಿ ಹಾಕಿದಳು.